ಹೇಗೆ ಗೊತ್ತು ಅಂತ ಕೇಳುವ ಹುಡುಗಿ

ಸೊರಬ
೧೨-೧೧-೨೦೨೪, ಮಂಗಳವಾರ

ನನ್ನ ಮುದ್ದು ಮಾಲಾ,

ಹೇಗಿದ್ದೀಯ? ಬೆನ್ನು ನೋವು ಅಂತಿದ್ದೆ, ಕಡಿಮೆ ಆಯ್ತಾ? ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಬೆಳಗಿಂದ ಸಂಜೆವರೆಗೆ ಸ್ಟೂಲಿನ ಮೇಲೆ ಬಗ್ಗಿ ಕೂತರೆ ಯಾವ ಬೆನ್ನು ತಡೀತದೆ ಹೇಳು. ನಡುನಡುವೆ ಎದ್ದು ಸ್ವಲ್ಪ ಓಡಾಡು. ನಿಮ್ಮ ಅತ್ತೆಯವರು ಮಂಡಿ ಆಪರೇಷನ್ ಆದಮೇಲೆ ಗೋಡೆ ಹಿಡಿಯದೆ ನಡೀತಾರಾ? ಚಿಕ್ಕವನ ಕೆಮ್ಮು ನಿಂತಿತಾ? ಮಲಗುವಾಗ ಬಿಸಿ ಹಾಲಿಗೆ ಚಿಟಿಕೆ ಅರಿಶಿನ ಹಾಕಿ ಕೊಡು, ಸಿರಪ್ ಒಂದನ್ನೇ ನಂಬಬೇಡ. ಅಳಿಯಂದಿರು ಆರಾಮಾಗಿದ್ದಾರೆ ಅಂದುಕೊಂಡಿದ್ದೀನಿ. ಇಲ್ಲಿ ನಿಮ್ಮಪ್ಪ ಬಿ.ಪಿ. ಮಾತ್ರೆ ನುಂಗೋದು ಮರೀತಾರೆ, ನೆನಪು ಮಾಡಿದರೆ ಸಿಟ್ಟು ಮಾಡ್ತಾರೆ, ಆಮೇಲೆ ನಾನು ಅಡುಗೆಮನೆಗೆ ಹೋದಾಗ ಸದ್ದಿಲ್ಲದೆ ನುಂಗ್ತಾರೆ. ದೀಪಾವಳಿಗೆ ನೀನು ಬರಲಿಲ್ಲ. ಅತ್ತೆಯವರನ್ನ ಆ ಸ್ಥಿತಿಯಲ್ಲಿ ಬಿಟ್ಟು ಬರೋದು ಹೇಗೆ, ನನಗೆ ಅರ್ಥ ಆಗ್ತದೆ. ಪುಟ್ಟಿ ಮಾತ್ರ ಗೋಪೂಜೆ ದಿನ ಹೊಸ ಲಂಗ ಹಾಕ್ಕೊಂಡು ಗೇಟಿನ ಹತ್ತಿರವೇ ಕೂತಿದ್ದಳು. ಅಕ್ಕ ಬರಲ್ಲ ಕಣೇ, ಒಳಗೆ ಬಾ ಅಂದರೂ ಬರಲಿಲ್ಲ.

ಫೋನ್ ಇದ್ದೂ ಕಾಗದ ಯಾಕೆ ಬರೆದಳು ಅಂತ ಗಾಬರಿ ಆಗಬೇಡ. ಯಾರಿಗೂ ಜೀವಕ್ಕೆ ಏನೂ ಆಗಿಲ್ಲ. ಫೋನಿನಲ್ಲಿ ಮಾತಾಡೋಣ ಅಂದರೆ ನಿನ್ನ ಪಕ್ಕ ಅತ್ತೆಯವರಿರ್ತಾರೆ, ನನ್ನ ಪಕ್ಕ ಪುಟ್ಟಿ ಇರ್ತಾಳೆ. ಕಳೆದ ವಾರ ಎರಡು ಸಲ ಮಾಡಿದೆ, ಎರಡು ಸಲವೂ ಅಡುಗೆ ಆಯ್ತಾ, ಮಳೆ ಬಂತಾ ಅಂತ ಕೇಳಿ ಇಟ್ಟುಬಿಟ್ಟೆ. ಬೀಜದಂಗಡಿ ಸುರೇಶ ತರಕಾರಿ ಬೀಜ ತರೋಕೆ ನಾಳೆ ನಿಮ್ಮ ರಾಣೆಬೆನ್ನೂರಿಗೆ ಬರ್ತಾನೆ. ಅವನ ಕೈಲಿ ಕೊಟ್ಟು, ಮನೆಗೆ ಬೇಡ, ನರ್ಸಿಂಗ್ ಹೋಮಿಗೇ ಹೋಗಿ ಅವಳ ಕೈಗೇ ಕೊಡು ಅಂತ ಹೇಳ್ತೀನಿ. ಓದಿದ ಮೇಲೆ ಹರಿದು ಹಾಕು. ಇಟ್ಟುಕೊಂಡರೂ ಇಟ್ಟುಕೋ. ನನಗೆ ಈಗ ಯಾವುದು ಸರಿ ಯಾವುದು ತಪ್ಪು ಅಂತ ತಿಳಿಯೋದು ನಿಂತುಹೋಗಿದೆ.

ಇಷ್ಟು ವರ್ಷ ನಾವ್ಯಾರೂ ಬಾಯಿಬಿಟ್ಟು ಆಡದ ಮಾತನ್ನ ಮೊದಲ ಸಲ ಬರೀತಿದ್ದೀನಿ. ನಮ್ಮ ಪುಟ್ಟಿ, ನಾಗಶ್ರೀ, ನಿನ್ನ ಹೊಟ್ಟೆಯ ಮಗಳು. ನನ್ನ ಮೊಮ್ಮಗಳು. ಬರೆದು ನೋಡಿದರೆ ಎಷ್ಟು ಸಣ್ಣ ಮಾತು. ನಿನ್ನ ಮೊದಲ ಗಂಡ ಶಿವರಾಮ ಬೈಕಿನಿಂದ ಬಿದ್ದು ತೀರಿಹೋದಾಗ ಅವಳಿನ್ನೂ ಕತ್ತು ನಿಲ್ಲದ ಕೂಸು. ನಿನಗೆ ಇಪ್ಪತ್ತೊಂದು. ಆಮೇಲೆ ಮಾಲತೇಶ್ ಅವರ ಸಂಬಂಧ ಬಂತು. ಒಳ್ಳೆಯ ಹುಡುಗ, ಒಳ್ಳೆಯ ಮನೆ. ವಿಧವೆಯಾದರೂ ಅಡ್ಡಿಯಿಲ್ಲ, ಮಗು ಮಾತ್ರ ಅಲ್ಲೇ ಬೆಳೀಲಿ, ನಮ್ಮ ಮನೆಗೆ ಬಂದು ಇವಳನ್ನ ಅಮ್ಮ ಅಂತ ಕರೆಯೋದು ಬೇಡ ಅಂತ ನಿಮ್ಮ ಅತ್ತೆಯವರು ಒಂದೇ ಮಾತು ಹೇಳಿದ್ದರು. ನಿಮ್ಮಪ್ಪ ಒಪ್ಪಿದರು, ನಾನೂ ಒಪ್ಪಿದೆ, ನೀನು ತಲೆ ಬಗ್ಗಿಸಿ ಕೂತಿದ್ದೆ. ಅವತ್ತಿನಿಂದ ಅವಳಿಗೆ ನಾನು ಅಮ್ಮ, ಅಜ್ಜ ಅಪ್ಪ, ನೀನು ಮದುವೆಯಾಗಿ ಹೋದ ಅಕ್ಕ. ಅದನ್ನ ಸುಳ್ಳು ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ ಮಾಲಾ. ರಾತ್ರಿ ಜ್ವರ ಬಂದರೆ ಎದ್ದವಳು ನಾನು, ತಲೆ ಬಾಚಿದವಳು ನಾನು. ಅದು ಹೇಗೆ ಸುಳ್ಳಾಗ್ತದೆ ಅಂತ ಅಂದುಕೊಂಡಿದ್ದೆ.

ಈಗ ಆ ಮಗು ಅದನ್ನ ಬಿಚ್ಚುತ್ತಾ ಇದೆ. ಬಿಚ್ಚೋದನ್ನ ಕಲಿಸಿದ್ದು ನೀನು ಹಟ ಹಿಡಿದು ಸೇರಿಸಿದ ಆ ಇಂಟರ್‌ನ್ಯಾಷನಲ್ ಸ್ಕೂಲು. ನಿನ್ನನ್ನ ದೂರಲಿಕ್ಕೆ ಹೇಳ್ತಿಲ್ಲ. ಶಿರಾಳಕೊಪ್ಪ ದಾಟಿ ಶಿಕಾರಿಪುರದ ರಸ್ತೆಯವರೆಗೆ ಅಷ್ಟು ಚಿಕ್ಕ ಮಗುವನ್ನ ವ್ಯಾನಿನಲ್ಲಿ ಕಳಿಸೋದು ಬೇಡ, ಇಲ್ಲೇ ಸೊರಬದಲ್ಲಿ ಓದಲಿ ಅಂತ ನಿಮ್ಮಪ್ಪ ಅಂದಾಗ, ನೀನು ಫೋನಿನಲ್ಲಿ ಅತ್ತಿದ್ದೆ. ಅವಳಿಗೆ ನಾನು ಕೊಡೋದು ಅಂತ ಬೇರೆ ಏನಿದೆ ಅಮ್ಮ, ಓದಾದರೂ ಒಳ್ಳೇದು ಸಿಗಲಿ ಅಂದಿದ್ದೆ. ಆ ಮಾತಿಗೆ ನಾವು ಸೋತೆವು.

ಮೊದಮೊದಲು ನನಗೆ ಆ ಸ್ಕೂಲು ಹಿಡಿಸಲಿಲ್ಲ. ಬೋರ್ಡಿನ ಮೇಲೆ ಬರೆದು ಕಾಪಿ ಮಾಡಿಸಲ್ಲ, ಮಗ್ಗಿ ಬಾಯಿಪಾಠ ಕೇಳಲ್ಲ, ಮನೆಗೆಲಸ ಅಂತ ಪುಟಗಟ್ಟಲೆ ಕೊಡಲ್ಲ. ಇಂಗ್ಲಿಷ್ ಕಲಿಸ್ತಾರೆ ಅಂತ ಕಳಿಸಿದರೆ ಇವಳು ಬಂದು ಹುರುಳಿ ಕಾಳು ನೆನೆಹಾಕಿ, ಒಂದು ಬಟ್ಟಲು ಬಿಸಿಲಿಗೆ, ಒಂದು ಮಂಚದ ಕೆಳಗೆ ಇಟ್ಟು ಕೂರ್ತಿದ್ದಳು. ಯಾವುದು ಮೊದಲು ಮೊಳಕೆ ಬರ್ತದೆ ಅಂತ ನನ್ನನ್ನ ಕೇಳೋಳು. ನಾನು ಬಿಸಿಲಿನದ್ದು ಅಂದೆ. ಮಂಚದ ಕೆಳಗಿನದ್ದೇ ಮೊದಲು ಬಂತು. ಅವಳು ಕೈ ತಟ್ಟಲಿಲ್ಲ, ನಗಲಿಲ್ಲ, ಮತ್ತೆ ಎರಡು ಬಟ್ಟಲು ಇಟ್ಟಳು, ಒಂದು ಸಲ ಆಗಿದ್ದನ್ನ ನಂಬಬಾರದಂತೆ.

ನಿಮ್ಮಪ್ಪನ ಕಥೆ ನಿನಗೆ ಹೇಳಿದ್ದೆನೋ ಇಲ್ಲವೋ. ಹೋದ ಚಳಿಗಾಲದಲ್ಲಿ ಅವರು ಬಾವಿ ಹತ್ತಿರ ಸ್ನಾನಕ್ಕೆ ನೀರು ಸೇದ್ತಾ, ನೋಡು ಪುಟ್ಟಿ, ಚಳಿಗಾಲದಲ್ಲಿ ಬಾವಿ ನೀರು ಬೆಚ್ಚಗಾಗ್ತದೆ ಅಂದರು. ಹೆಂಗೆ ಗೊತ್ತು ಅಪ್ಪ ಅಂತ ಕೇಳಿದಳು. ಅರವತ್ತೈದು ವರ್ಷದಿಂದ ಮೈಮೇಲೆ ಹುಯ್ಕೊಂಡಿದ್ದೀನಿ ಮಾರಾಯ್ತಿ, ಇನ್ನು ಹೆಂಗೆ ಗೊತ್ತಾಗಬೇಕು ಅಂದರು. ಇವಳು ಸ್ಕೂಲಿನಿಂದ ಥರ್ಮಾಮೀಟರ್ ಕೇಳಿ ತಂದು, ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ನೀರಿಗೆ ಅದ್ದಿ ಅದ್ದಿ ನೋಡಿ, ಬೇಸಿಗೆವರೆಗೂ ಬಿಡದೆ ನೋಡಿ, ನೀರು ಇದ್ದ ಹಾಗೇ ಇದೆ ಅಪ್ಪ, ಗಾಳಿ ತಣ್ಣಗಾಗ್ತದೆ, ಅದಕ್ಕೆ ನಿನ್ನ ಕೈಗೆ ನೀರು ಬೆಚ್ಚಗೆ ಅನ್ನಿಸ್ತದೆ ಅಂದಳು. ನಿಮ್ಮಪ್ಪ ಅದನ್ನ ಸೊಸೈಟಿಯ ಹಳೇ ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದರು. ನನ್ನ ಮಗಳು ನನ್ನನ್ನೇ ಸೋಲಿಸಿದಳು ಅಂತ ಅವರು ಹೇಳುವಾಗ ಮುಖ ನೋಡಬೇಕಿತ್ತು.

ಜೂನ್‌ನಲ್ಲಿ ಪೋಷಕರ ಮೀಟಿಂಗಿಗೆ ನಾನೇ ಹೋಗಿದ್ದೆ. ಅವಳ ಕ್ಲಾಸಿನ ಸುನಿತಾ ಮೇಡಂ ಶಿಕಾರಿಪುರದವರು, ನಿನಗಿಂತ ಸ್ವಲ್ಪ ದೊಡ್ಡವರಿರಬಹುದು. ನಮ್ಮ ಸ್ಕೂಲಿನಲ್ಲಿ ಒಳ್ಳೆಯ ಕಲಿಕೆ ಅಂದರೆ ಏನು ಅಂತ ಹೇಳ್ತೀನಿ ಅಂತ ಕನ್ನಡದಲ್ಲೇ ಮಾತಾಡಿದರು. ಮಗು ಎಷ್ಟು ಉತ್ತರ ಹೇಳ್ತು ಅಂತ ನಾವು ನೋಡಲ್ಲ ರೀ, ಸಿಕ್ಕಿದ ಉತ್ತರವನ್ನ ಅದು ಏನು ಮಾಡ್ತು ಅಂತ ನೋಡ್ತೀವಿ, ಹೇಗೆ ಗೊತ್ತು, ಯಾರು ನೋಡಿದ್ದು, ಬೇರೆಯವರು ಬೇರೆ ಥರ ಹೇಳ್ತಾರಾ, ಈ ಮೂರು ಪ್ರಶ್ನೆ ಅದರ ಬಾಯಿಗೆ ತಾನಾಗಿ ಬರಬೇಕು, ಗೊತ್ತಿಲ್ಲ ಅನ್ನೋಕೆ ಅದು ಹೆದರಬಾರದು ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಾನು ಎಸ್ಸೆಸ್ಸೆಲ್ಸಿ ಓದುವಾಗ ಗೊತ್ತಿಲ್ಲ ಅಂದರೆ ಬೆರಳ ಗೆಣ್ಣಿಗೆ ಹೊಡೀತಿದ್ದರು. ನನ್ನ ಪುಟ್ಟಿಗೆ ಅದಿಲ್ಲವಲ್ಲ ಅಂತ ಕಣ್ಣು ಒದ್ದೆಯಾಗಿತ್ತು.

ಕುಕ್ಕರ್ ಕೂಗಿತು, ಇಳಿಸಿ ಬಂದೆ. ಎಲ್ಲಿದ್ದೆ. ದೀಪಾವಳಿಗೆ ಮುಂಚೆ ಅವರನ್ನೆಲ್ಲ ತಾಳಗುಂದಕ್ಕೆ ಕರಕೊಂಡು ಹೋಗಿದ್ದರು, ಶಾಸನದ ಕಂಬ ನೋಡೋಕೆ. ಅಲ್ಲಿ ಮೇಡಂ ಯಾವ ರಾಜ, ಯಾವ ಕಾಲ ಅಂತ ಮೊದಲೇ ಹೇಳದೆ ಮಕ್ಕಳನ್ನ ಕಂಬದ ಸುತ್ತ ಕೂರಿಸಿ, ಇದನ್ನ ಕೆತ್ತಿಸಿದವರು ಯಾರು, ಯಾರು ಓದಲಿ ಅಂತ ಕೆತ್ತಿಸಿದರು ಅಂತ ಅವರನ್ನೇ ಕೇಳಿದರಂತೆ. ಒಬ್ಬೊಬ್ಬರು ಒಂದೊಂದು ಹೇಳಿದರಂತೆ. ನಮ್ಮ ಪುಟ್ಟಿ ಎದ್ದು, ಮೇಡಂ, ಕೆತ್ತಿಸಿದವರು ಕೆತ್ತಿಸದೆ ಬಿಟ್ಟಿದ್ದು ಏನು ಅಂತ ತಿಳಿಯೋದು ಹೆಂಗೆ ಅಂದಳಂತೆ. ಮೇಡಂ ನನಗೆ ಫೋನ್ ಮಾಡಿ ಹೇಳಿದರು. ಇಷ್ಟು ವರ್ಷ ಪಾಠ ಮಾಡಿದ್ದೀನಿ ಅಮ್ಮ, ನಾಲ್ಕನೇ ಕ್ಲಾಸಿನ ಮಗು ಈ ಪ್ರಶ್ನೆ ಕೇಳಿದ್ದು ನಾನು ಕಂಡಿರಲಿಲ್ಲ ಅಂದರು. ಅವತ್ತು ನಾನು ಶಾವಿಗೆ ಪಾಯಸ ಮಾಡಿದೆ. ಪಾಯಸ ಬಡಿಸಿ ಎದುರಿಗೆ ಕೂತು ಅವಳು ತಿನ್ನೋದನ್ನೇ ನೋಡ್ತಿದ್ದೆ.

ಅದು ಮುಗಿದ ಮೇಲೆ ಬಂತು ನೋಡು ಮಾಲಾ ಈ ಪ್ರಾಜೆಕ್ಟು. ನಮ್ಮ ಮನೆಯವರು ಎಲ್ಲಿಂದ ಬಂದರು, ನಾನು ಹೇಗೆ ಬಂದೆ ಅಂತ ಮನೆಯ ದೊಡ್ಡವರನ್ನ ಕೇಳಿ ತಿಳಿದು ಹದಿನಾರನೇ ತಾರೀಖು, ಶನಿವಾರ, ಎಲ್ಲ ಪೋಷಕರ ಎದುರಿಗೆ ಹೇಳಬೇಕು. ಮೊದಲು ನಿಮ್ಮಪ್ಪ ಹುರುಪಿನಿಂದ ಹೇಳಿದರು, ಅವರ ಅಜ್ಜ ಉಳವಿಯಲ್ಲಿ ಗದ್ದೆ ಮಾಡಿದ್ದು, ಕೆರೆ ಏರಿ ಒಡೆದ ವರ್ಷ ಇಡೀ ಮನೆ ಗಾಡಿಯಲ್ಲಿ ಬಂದಿದ್ದು. ಆಮೇಲೆ ಅವಳು, ನಾನು ಎಲ್ಲಿ ಹುಟ್ಟಿದ್ದು ಅಂತ ಕೇಳಿದಳು. ನಾನು ಅಡುಗೆಮನೆಯಿಂದ ಸೊರಬದ ಆಸ್ಪತ್ರೆ ಅಂದೆ. ನಿಮ್ಮಪ್ಪನನ್ನ ಬೇರೆ ಯಾವಾಗಲೋ ಕೇಳಿದಳಂತೆ, ಅವರು ಮರೆತು ಶಿವಮೊಗ್ಗ ಅಂದುಬಿಟ್ಟರು. ಊಟಕ್ಕೆ ಕೂತಾಗ ಇಬ್ಬರ ಮುಖವನ್ನೂ ನೋಡಿ, ಒಬ್ಬರಿಗೆ ಮರೆತಿರಬೇಕು, ಯಾರಿಗೆ ಅಂತ ಕೇಳಿದಳು. ಅಷ್ಟು ಮೆತ್ತಗೆ ಕೇಳಿದಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.

ಮಾರನೇ ದಿನ ಕೊಟ್ಟಿಗೆಯಲ್ಲಿ ಗೌರಿಗೆ ಹುಲ್ಲು ಹಾಕ್ತಾ, ಗೌರಿ ಯಾಕಮ್ಮ ಈಗ ಕರು ಹಾಕಲ್ಲ ಅಂದಳು. ವಯಸ್ಸಾಯ್ತು ಕಣೇ ಅಂದೆ. ಇನ್ನೊಂದು ಹಿಡಿ ಹುಲ್ಲು ಹಾಕಿ, ನಾನು ಹುಟ್ಟಿದಾಗ ನಿನಗೆ ಎಷ್ಟು ವಯಸ್ಸಮ್ಮ ಅಂದಳು. ಕೆಲಸ ಇದೆ ಅಂತ ಒಳಗೆ ಬಂದೆ. ಅವಳು ಹಿಂದೆ ಬರಲಿಲ್ಲ. ಇಬ್ಬರು ಬೇರೆ ಬೇರೆ ಹೇಳಿದರೆ ಮೂರನೆಯವರನ್ನ ಕೇಳಬೇಕು ಅಂತ ಕಲಿತಿದ್ದಾಳಲ್ಲ, ಪಕ್ಕದ ಮನೆ ಲೋಕಮ್ಮನ ಹತ್ತಿರ ಹೋಗಿದ್ದಾಳೆ. ಲೋಕಮ್ಮ ಒಳ್ಳೆಯವಳು, ಇಷ್ಟು ವರ್ಷ ಗುಟ್ಟು ಬಿಟ್ಟವಳಲ್ಲ. ಆದರೆ ಮಗು ಎದುರಿಗೆ ನಿಂತು ಕೇಳಿದಾಗ ಅವಳಿಗೂ ಸುಳ್ಳು ಬರಲಿಲ್ಲ. ಅದನ್ನ ನಿನ್ನ ಹೆತ್ತೋರನ್ನ ಕೇಳು ಮಗಾ, ನನ್ನ ಕೇಳಬೇಡ ಅಂದಿದ್ದಾಳೆ. ಪುಟ್ಟಿ ಮನೆಗೆ ಬಂದು ನನ್ನ ಸೆರಗು ಹಿಡಿದು, ಲೋಕಮ್ಮತ್ತೆ ಯಾವಾಗಲೂ ನಿಮ್ಮಮ್ಮನ್ನ ಕೇಳು ಅಂತಾರೆ, ಇವತ್ತು ಹೆತ್ತೋರನ್ನ ಕೇಳು ಅಂದರು, ಯಾಕಮ್ಮ ಅಂತ ಕೇಳಿದಳು.

ಅದನ್ನ ಬಾಗಿಲಲ್ಲಿ ನಿಂತು ನಿಮ್ಮಪ್ಪ ಕೇಳಿಸಿಕೊಂಡರು. ಅವಳ ಮೇಲೆ ಯಾವತ್ತೂ ದನಿ ಎತ್ತಿದವರಲ್ಲ, ನಿನಗೆ ಗೊತ್ತು. ಅವತ್ತು ಓದೋಕೆ ಕಳಿಸಿದರೆ ಪೊಲೀಸ್ ಕೆಲಸ ಕಲೀತಿದ್ದೀಯಾ, ಇನ್ನು ಈ ಮನೆಯಲ್ಲಿ ಹೆಂಗೆ ಗೊತ್ತು, ಯಾಕೆ ಅಂತ ಒಂದು ಮಾತು ಕೇಳಿದರೆ ನೋಡು ಅಂತ ಗದರಿದರು. ಆ ಸ್ಕೂಲೂ ಸಾಕು, ಟಿ.ಸಿ. ತರ್ತೀನಿ ಅಂದರು. ಅವಳು ಅಳಲಿಲ್ಲ. ಆಯ್ತಪ್ಪ ಅಂದಳು. ಅವರು ಹಿತ್ತಲಿಗೆ ಹೋಗಿ ಸೌದೆ ಒಡೆಯೋಕೆ ಕೂತರು. ನಮ್ಮ ಮನೆಯಲ್ಲಿ ಗ್ಯಾಸ್ ಇದೆ ಮಾಲಾ, ಸೌದೆ ಯಾರಿಗೂ ಬೇಡವಾಗಿತ್ತು.

ನಾನು ಅವರಿಗೆ ಹೇಳದೆ ಸ್ಕೂಲಿಗೆ ಹೋದೆ. ಸುನಿತಾ ಮೇಡಂ ಮಕ್ಕಳನ್ನ ಆಟಕ್ಕೆ ಬಿಟ್ಟು ನನ್ನನ್ನ ಖಾಲಿ ಕ್ಲಾಸಿನಲ್ಲಿ ಕೂರಿಸಿಕೊಂಡರು. ಚಿಕ್ಕ ಕುರ್ಚಿ, ಮಂಡಿ ಎದೆಗೆ ಬರ್ತಿತ್ತು. ಅವಳನ್ನ ಈ ಪ್ರಾಜೆಕ್ಟಿನಿಂದ ಬಿಟ್ಟುಬಿಡಿ ಮೇಡಂ, ದೊಡ್ಡವರನ್ನ ಹಂಗೆಲ್ಲ ಕೇಳಬಾರದು ಅಂತ ನೀವೊಂದು ಮಾತು ಹೇಳಿ, ನಿಮ್ಮ ಮಾತು ಕೇಳ್ತಾಳೆ ಅಂದೆ. ಯಾಕಮ್ಮ ಅಂದರು. ಹೇಳಬಾರದು ಅಂತಲೇ ಹೋದವಳು, ಎಲ್ಲವನ್ನೂ ಹೇಳಿಬಿಟ್ಟೆ. ಕ್ಷಮಿಸು, ನಿನ್ನ ಹೆಸರೂ ಹೇಳಿದೆ. ಅವರು ಕುರ್ಚಿಯನ್ನ ನನ್ನ ಹತ್ತಿರಕ್ಕೆ ಎಳಕೊಂಡರು. ಆಮೇಲೆ, ಇದು ನನ್ನದೂ ತಪ್ಪು ರೀ ಅಮ್ಮ, ಎಲ್ಲ ಮಕ್ಕಳ ಮನೆಯೂ ನನ್ನ ಮನೆಯ ಹಾಗೇ ಇರ್ತದೆ ಅಂತ ಅಂದುಕೊಂಡು ಈ ಪಾಠ ಇಟ್ಟೆ, ಶನಿವಾರ ಅವಳು ಮನೆ ವಿಷಯ ಮಾತಾಡೋದು ಬೇಡ, ತಾಳಗುಂದದ ಬಗ್ಗೆ ಮಾತಾಡಲಿ, ನಾನು ನೋಡ್ಕೋತೀನಿ ಅಂದರು. ನನಗೆ ಉಸಿರು ಬಂತು. ಹಂಗೇ ಕೇಳಬಾರದು ಅಂತಲೂ ಹೇಳಿಬಿಡಿ ಮೇಡಂ ಅಂತ ಕೈ ಮುಗಿದೆ. ಅವರು ನನ್ನ ಕೈ ಹಿಡಿದುಕೊಂಡು, ಅದೊಂದು ನನ್ನ ಕೈಲಿ ಆಗಲ್ಲ, ಹೇಳಿದರೆ ಅವಳು ಕೇಳೋದು ನಿಲ್ಲಿಸ್ತಾಳೆ, ಯೋಚನೆ ಮಾಡೋದು ನಿಲ್ಲಿಸಲ್ಲ, ಒಬ್ಬಳೇ ಕೂತು ಮಾಡ್ತಾಳೆ ಅಂದರು.

ಅವರು ಹೇಳುವ ಮೊದಲೇ ನಿಮ್ಮಪ್ಪ ಅದನ್ನ ಮಾಡಿ ಆಗಿತ್ತು. ಪುಟ್ಟಿ ಈಗ ಕೇಳೋದು ನಿಲ್ಲಿಸಿದ್ದಾಳೆ. ಏನನ್ನೂ. ಇವತ್ತು ಎಂತ ಸಾರು ಅಂತಲೂ ಕೇಳಲ್ಲ. ಮೊದಲು ಏನಾದರೂ ಕೇಳಿದರೆ ಗೊತ್ತಿಲ್ಲಮ್ಮ, ನೋಡಿ ಹೇಳ್ತೀನಿ ಅಂತಿದ್ದಳು. ಈಗ ಎಲ್ಲದಕ್ಕೂ ಹೂಂ ಗೊತ್ತು ಅಂತಾಳೆ. ಹುರುಳಿಯ ಬಟ್ಟಲುಗಳನ್ನ ತಾನೇ ತೊಳೆದು ಮೂಲೆಯಲ್ಲಿ ಮಗುಚಿಟ್ಟಳು. ಹೇಳಿದ್ದು ತಕ್ಷಣ ಮಾಡ್ತಾಳೆ, ಜಡೆ ಹಾಕುವಾಗ ನೋವಾದರೂ ಹಾ ಅನ್ನಲ್ಲ. ಬೇರೆಯವರು ನೋಡಿದರೆ ಎಷ್ಟು ಒಳ್ಳೆಯ ಮಗು ಅಂತಾರೆ. ಊಟ ಮಾಡುವಾಗ ನನ್ನ ಮುಖ ನೋಡ್ತಾಳೆ, ನಾನು ನೋಡಿದರೆ ತಟ್ಟೆ ನೋಡ್ತಾಳೆ. ನಿಮ್ಮಪ್ಪನಿಗೂ ಅದು ತಡೆಯೋಕಾಗ್ತಿಲ್ಲ. ನಿನ್ನೆ ಅವರೇ ಅವಳ ಹತ್ತಿರ ಹೋಗಿ, ಮಂಜು ಎಲ್ಲಿಂದ ಬರ್ತದೆ ಗೊತ್ತನೇ ಪುಟ್ಟಿ ಅಂತ ಮಾತು ತೆಗೆದರು. ಗೊತ್ತು ಅಪ್ಪ ಅಂದಳು. ಅವಳಿಗೆ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಅವರು ಎದ್ದು ಬಂದು ಅಡುಗೆಮನೆಯಲ್ಲಿ ನನ್ನ ಮುಂದೆ ಕಣ್ಣು ಒರೆಸಿಕೊಂಡರು. ಟಿ.ಸಿ. ವಿಷಯ ಆಮೇಲೆ ಎತ್ತಿಲ್ಲ.

ಮಾಲಾ, ನನಗೆ ಏನು ಮಾಡೋದು ಅಂತ ತೋಚ್ತಿಲ್ಲ. ಹೇಳಿದರೆ ನಿನ್ನ ಮನೆ ಏನಾಗ್ತದೆ? ನಿಮ್ಮ ಅತ್ತೆಯವರು ಒಂದು ಮಾತಿಗೆ ಬದ್ಧರಾಗಿ ನಿನ್ನನ್ನ ಮಗಳ ಹಾಗೆ ನೋಡಿಕೊಂಡಿದ್ದಾರೆ, ಆ ಮಾತು ನಮ್ಮ ಕಡೆಯಿಂದ ಮುರಿದರೆ ನಾನು ಅವರಿಗೆ ಮುಖ ತೋರಿಸೋದು ಹೇಗೆ? ನಿನ್ನ ಚಿಕ್ಕವನು ಅವಳನ್ನ ಚಿಕ್ಕಮ್ಮ ಅಂತ ಕರೀತಾನೆ, ನಾಳೆ ಅವನಿಗೆ ಏನು ಹೇಳ್ತೀಯ? ಹೇಳದಿದ್ದರೆ ಈ ಮಗು ಏನಾಗ್ತದೆ? ಇಲ್ಲೊಂದು ನನ್ನ ಸ್ವಾರ್ಥವೂ ಇದೆ, ಮುಚ್ಚಿಡಲ್ಲ. ಅವಳು ಅಮ್ಮ ಅಂತ ಕರೆದರೆ ಓ ಅನ್ನೋಳು ನಾನು. ನಿಜ ಹೇಳಿದ ಮೇಲೆ ಅವಳು ಕರೆದಾಗ ಯಾರು ಓ ಅನ್ನಬೇಕು ಅಂತ ಯೋಚನೆ ಮಾಡ್ತಾ ರಾತ್ರಿ ಎದ್ದೇ ಇರ್ತೀನಿ. ನಿನಗೆ ಒಂಬತ್ತು ವರ್ಷದಿಂದ ಹೀಗೇ ಆಗಿರಬೇಕು. ನಾನು ಯಾವತ್ತೂ ನಿನ್ನ ಕೇಳಲಿಲ್ಲ.

ಅಳಿಯಂದಿರ ಹತ್ತಿರ ಮಾತಾಡು. ಅವರು ತಿಳಿದವರು. ಅತ್ತೆಯವರಿಗೆ ಅವರೇ ಹೇಳಲಿ. ನಿನ್ನ ಒಂದು ಮಾತು ಬಂದರೆ ಸಾಕು, ಹೇಳಮ್ಮ ಅಂತ, ಇಲ್ಲ ಬೇಡ ಅಂತ. ಬೇಡ ಅಂದರೆ ಹೇಗಾದರೂ ತಡೀತೀನಿ. ಹೇಗೆ ಅಂತ ನನಗೆ ಗೊತ್ತಿಲ್ಲ.

ನಿನಗೂ ಅಳಿಯಂದಿರಿಗೂ ಚಿಕ್ಕವನಿಗೂ ಈ ಮುದುಕಿಯ ತುಂಬು ಹರಕೆ, ತಲೆ ಮೇಲೆ ಕೈ ಇಟ್ಟ ಹಾಗೆ ಅಂದುಕೊಳ್ಳಿ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ಹೇಳೋಕೆ ಆಗದಿದ್ದರೆ ಬಿಡು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ತುಂಗಮ್ಮ

ಮತ್ತೆ: ಅವಸರದಲ್ಲಿ ಬರೀತಿದ್ದೀನಿ, ಅಕ್ಷರ ಸೊಟ್ಟ ಇದ್ದರೆ ಹೊಂದಿಸಿ ಓದು. ಮೇಲಿನದನ್ನ ಮಡಚಿ ಕವರಿಗೆ ಹಾಕಿ ಆಗಿತ್ತು. ಸಂಜೆ ಪುಟ್ಟಿ ವ್ಯಾನ್ ಇಳಿದು ಬಂದಳು. ಕಾಲಿಗೆ ನೀರು ಹಾಕ್ತಿದ್ದೆ, ನನ್ನ ಗಮನ ಎಲ್ಲೋ ಇದ್ದು ನೀರು ಅವಳ ಲಂಗದ ಮೇಲೆಲ್ಲ ಚೆಲ್ಲಿತು. ಅವಳು ಚೊಂಬು ತೆಗೆದು ಕೆಳಗಿಟ್ಟು, ನೀನು ಹೇಳೋದು ಬೇಡಮ್ಮ, ನಿನಗೆ ಕಷ್ಟ ಆಗ್ತದೆ, ನಾನು ಯಾರನ್ನೂ ಕೇಳಲ್ಲ ಅಂದಳು. ಅಷ್ಟು ಚಿಕ್ಕ ಮಗು ನನ್ನನ್ನ ಕಾಪಾಡೋಕೆ ಹೊರಟಿತ್ತು. ನಿನ್ನ ಮಾತು ಬರೋವರೆಗೆ ಕಾಯಬೇಕಿತ್ತು, ಕಾಯಲಿಲ್ಲ. ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂರಿಸಿಕೊಂಡು, ನೀನು ಎರಡನೇ ಮದುವೆಯಾಗಿ ಕಾರು ಹತ್ತಿ ಹೋದವರೆಗೆ ಎಲ್ಲ ಹೇಳಿಬಿಟ್ಟೆ. ಅಪ್ಪನ ಹೆಸರು ಕೇಳಿದಳು. ಶಿವರಾಮ ಅಂದೆ. ಒಂದು ಸಲ ತಾನೂ ಹೇಳಿ ನೋಡಿದಳು. ನನ್ನನ್ನ ಎತ್ತಿಕೊಂಡಿದ್ದರಾ ಅಂದಳು. ಎತ್ತಿಕೊಂಡಿದ್ದ, ಕೆಳಗೇ ಇಳಿಸ್ತಿರಲಿಲ್ಲ ಅಂದೆ. ಆಗ ಅತ್ತಳು, ಈ ಹತ್ತು ದಿನದ್ದೆಲ್ಲ ಸೇರಿಸಿ ಅತ್ತಳು. ನಿಮ್ಮಪ್ಪ ಬಾಗಿಲಲ್ಲಿ ನಿಂತಿದ್ದವರು ಬಂದು ಅವಳ ಪಕ್ಕ ನೆಲದ ಮೇಲೇ ಕೂತರು. ಅಳು ನಿಂತ ಮೇಲೆ ಅವಳು ಕೇಳಿದ್ದು ಇದು: ಕಾರು ಹತ್ತುವಾಗ ಅಕ್ಕ ತಿರುಗಿ ನನ್ನನ್ನ ನೋಡಿದಳಾ? ಮಾಲಾ, ಅವತ್ತು ನೀನು ಅಳೋದು ಅವಳಿಗೆ ಕಾಣಬಾರದು ಅಂತ ನಾನು ಅವಳನ್ನ ಎತ್ತಿಕೊಂಡು ಹಿತ್ತಲಿಗೆ ಹೋಗಿದ್ದೆ. ನೋಡಿದಳು ಅಂತ ಹೇಳಬಹುದಿತ್ತು. ಹೇಳಲಿಲ್ಲ. ನಾನು ಅಲ್ಲಿರಲಿಲ್ಲ ಕಣೇ, ಅದು ನನಗೆ ಗೊತ್ತಿಲ್ಲ ಅಂದೆ. ಹಾಗಾದರೆ ಅಕ್ಕನ್ನೇ ಕೇಳ್ತೀನಿ ಅಂದಳು. ಶುಕ್ರವಾರ ಬೆಳಗಿನ ಬಸ್ಸಿಗೆ ಶಿಕಾರಿಪುರಕ್ಕೆ ಹೋಗಿ ಅಲ್ಲಿಂದ ನಿಮ್ಮೂರಿನ ಬಸ್ಸು ಹತ್ತುತ್ತೀವಿ, ಮೂರೂ ಜನ. ನಿಮ್ಮಪ್ಪನೇ ಹೋಗೋಣ ಅಂದಿದ್ದು. ನಿಮ್ಮ ಮನೆಗೆ ಬರಲ್ಲ, ಹೆದರಬೇಡ. ನರ್ಸಿಂಗ್ ಹೋಮಿನ ಗೇಟಿನ ಹೊರಗೆ ಇರ್ತೀವಿ. ನಿನ್ನ ಊಟದ ಹೊತ್ತಿಗೆ ಅವಳು ನಿನ್ನನ್ನ ಇದನ್ನೇ ಕೇಳ್ತಾಳೆ. ಯೋಚನೆ ಮಾಡೋಕೆ ನಿನಗೆ ಎರಡು ದಿನ ಇರಲಿ ಅಂತ ಮುಂಚೆ ಬರೆದೆ. ಉತ್ತರ ಏನೇ ಇದ್ದರೂ ನಿಜವನ್ನೇ ಹೇಳು, ತಡಕೋತಾಳೆ. ನೀನು ಹೊರಗೆ ಬಾರದೆ ಮಾತ್ರ ಇರಬೇಡ.